‘ಎರಡಕ್ಕೂ ಅರ್ಥ ಒಂದೇ ಅಲ್ವಾ ಮೇಡಂ?’: ಇಂಗ್ಲಿಷಿನ ಹತ್ತಿರದ ಪದಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಸಂಜೆ ಹೊತ್ತು ದೊಡ್ಡವರಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಅಂಗಡಿಯವರು, ನರ್ಸುಗಳು, ಡಿಪ್ಲೊಮಾ ಮುಗಿಸಿದ ಹುಡುಗರು, ಮಗಳ ಬಾಣಂತನಕ್ಕೆ ವಿದೇಶಕ್ಕೆ ಹೊರಟ ಅಮ್ಮಂದಿರು ಬರುತ್ತಾರೆ. ಹೆಚ್ಚುಕಮ್ಮಿ ಎಲ್ಲರ ಕೈಯಲ್ಲೂ ಒಂದು ನೋಟ್‌ಬುಕ್ಕು. ಹಾಳೆಯ ನಡುವೆ ಗೆರೆ, ಎಡಕ್ಕೆ ಇಂಗ್ಲಿಷ್ ಪದ, ಬಲಕ್ಕೆ ಕನ್ನಡದ ಅರ್ಥ. ತಾಪತ್ರಯ ಶುರುವಾಗುವುದು ಆ ಬಲಗಡೆಯಿಂದಲೇ: ಎಡಕ್ಕೆ ನಾಲ್ಕು ಬೇರೆ ಬೇರೆ ಪದ, ಬಲಕ್ಕೆ ನಾಲ್ಕು ಸಲವೂ ಅದೇ ಪದ. ಅಲ್ಲಿಂದ ಹುಟ್ಟಿ ನನ್ನ ಹತ್ತಿರ ಮತ್ತೆ ಮತ್ತೆ ಬರುವ ಪ್ರಶ್ನೆಗಳು ಇವು.

‘ಸೇ’, ‘ಟೆಲ್’ ಎರಡಕ್ಕೂ ‘ಹೇಳು’ ಅಂತ ಬರೆದುಕೊಂಡಿದ್ದೇನೆ. ತಪ್ಪಾ?

ತಪ್ಪಲ್ಲ, ಅರ್ಧ. ‘ಟೆಲ್’ ಅಂದ ಕೂಡಲೇ ಯಾರಿಗೆ ಅನ್ನುವುದು ಬರಬೇಕು: ‘ಟೆಲ್ ಮಿ’, ‘ಟೆಲ್ ಯುವರ್ ಫಾದರ್’. ‘ಸೇ’ ಅಂದರೆ ಏನು ಹೇಳಿದ್ದು ಅನ್ನುವುದು ಬರಬೇಕು: ‘ಶೀ ಸೆಡ್ ನೋ’, ‘ಸೇ ಸಂಥಿಂಗ್’. ನಾವು ‘ಅವನು ನನಗೆ ಹೇಳಿದ’ ಎಂದು ಯೋಚಿಸಿ ‘ಹೀ ಸೆಡ್ ಮಿ’ ಅಂದುಬಿಡುತ್ತೇವೆ. ಕನ್ನಡದ ‘ಗೆ’ ಅಲ್ಲಿ ಜಾರಿ ಬಿದ್ದಿದೆ ನೋಡಿ. ‘ಸೇ’ ಜೊತೆ ಮನುಷ್ಯರನ್ನು ತರಬೇಕಾದರೆ ಆ ‘ಗೆ’ಗೆ ಸಮನಾಗಿ ‘ಟು’ ಬೇಕು. ‘ಟೆಲ್’ಗೆ ಬೇಡ.

ಕಥೆ, ಸುಳ್ಳು, ನಿಜ ಈ ಮೂರೂ ‘ಟೆಲ್’ನ ಸೊತ್ತು. ‘ಸೇ ಎ ಲೈ’ ಎಂದು ಯಾರೂ ಅನ್ನುವುದಿಲ್ಲ. ಯಾಕೆ ಎಂದರೆ ನನ್ನ ಬಳಿ ಉತ್ತರವಿಲ್ಲ. ನಾವು ಸುಳ್ಳನ್ನು ‘ಹೇಳುತ್ತೇವೆ’, ಆಣೆಯನ್ನು ‘ಇಡುತ್ತೇವೆ’. ಅದಕ್ಕೂ ಯಾರೂ ಕಾರಣ ಕೊಟ್ಟಿಲ್ಲ.

‘ಸ್ಪೀಕ್’, ‘ಟಾಕ್’ ಎರಡೂ ‘ಮಾತಾಡು’. ಭಾಷೆಯ ಹೆಸರು ಬಂದರೆ ‘ಸ್ಪೀಕ್’. ವೇದಿಕೆಯ ಮೇಲೆ, ಆಫೀಸಿನ ಫೋನಿನಲ್ಲಿ, ಸ್ವಲ್ಪ ಬಿಗಿಯಾದ ಜಾಗದಲ್ಲೂ ಅದೇ. ಕಟ್ಟೆಯ ಮೇಲೆ ಕೂತು ಆಡುವುದು ‘ಟಾಕ್’.

‘ಹಿಯರ್’ ಮತ್ತು ‘ಲಿಸನ್’ ನಡುವೆ ಪ್ರತಿ ಸಲ ಗೊಂದಲ. ಸುಲಭದ ದಾರಿ ಇದೆಯಾ?

ಇದೆ, ಅದು ಕನ್ನಡದಲ್ಲೇ ಇದೆ. ನಮ್ಮ ‘ಕೇಳು’ ಪಾಪ ಬಹಳ ದುಡಿಯುವ ಪದ. ‘ಅಮ್ಮನನ್ನು ಕೇಳು’ ಎಂದರೆ ‘ಆಸ್ಕ್’. ‘ಹಾಡು ಕೇಳು’ ಎಂದರೆ ‘ಲಿಸನ್’. ‘ಹೇಳಿದ ಮಾತೇ ಕೇಳಲ್ಲ’ ಎಂದು ಮಗನ ಮೇಲೆ ದೂರು ಹೇಳುವಾಗಲೂ ‘ಲಿಸನ್’. ಆ ದೂರು ಇಂಗ್ಲಿಷ್ ತಾಯಂದಿರದೂ ಹೌದು. ಆದರೆ ‘ಗುಡುಗು ಕೇಳಿಸಿತು’ ಅಂದಾಗ ಪದ ಬದಲಾಯಿತಲ್ಲ? ಅದೇ ‘ಹಿಯರ್’. ಕಿವಿ ಕೊಟ್ಟರೆ ‘ಲಿಸನ್’, ತಾನಾಗಿ ಕಿವಿಗೆ ಬಿದ್ದರೆ ‘ಹಿಯರ್’. ಆನ್‌ಲೈನ್ ಕ್ಲಾಸಿನ ಕಾಲದಲ್ಲಿ ದಿನಕ್ಕೆ ಇಪ್ಪತ್ತು ಸಲ ‘ಕೇಳಿಸ್ತಿದ್ಯಾ?’ ಅಂದಿದ್ದೇವೆ. ‘ಕ್ಯಾನ್ ಯೂ ಹಿಯರ್ ಮಿ?’ ಅನ್ನುವುದು ಅದೇ.

ಕಣ್ಣಿಗೂ ಇದೇ ಲೆಕ್ಕ. ಕಾಣಿಸಿದರೆ ‘ಸೀ’, ನೋಡಿದರೆ ‘ಲುಕ್’. ಮುಂದೇನಾಗುತ್ತದೋ ಎಂದು ನೋಡುತ್ತಲೇ ಇದ್ದರೆ ‘ವಾಚ್’: ಕ್ರಿಕೆಟ್ ಮ್ಯಾಚು, ಒಲೆಯ ಮೇಲಿಟ್ಟ ಹಾಲು. ಫೋಟೋವನ್ನು ‘ವಾಚ್’ ಮಾಡಲಾಗದು, ಅದು ಅಲ್ಲಾಡುವುದಿಲ್ಲ.

ಸಿನಾನಿಮ್ ಅಂದರೆ ಒಂದರ ಬದಲು ಇನ್ನೊಂದನ್ನು ಹಾಕಬಹುದು ಅಂತ ಶಾಲೆಯಲ್ಲಿ ಹೇಳಿದ್ದರಲ್ಲ?

ಪರೀಕ್ಷೆಯಲ್ಲಿ ಒಂದು ಅಂಕ ಬರಲಿ ಎಂದು ಹಾಗೆ ಹೇಳಿಕೊಟ್ಟರು. ನನಗೂ ಹಾಗೇ ಕಲಿಸಿದ್ದು.

ಅಡುಗೆಮನೆಗೆ ಬನ್ನಿ. ತರಕಾರಿ ಹೆಚ್ಚುತ್ತೇವೆ. ಮರ ಕಡಿಯುತ್ತೇವೆ. ಬಟ್ಟೆ ಕತ್ತರಿಸುತ್ತೇವೆ. ಭತ್ತದ ಪೈರು ಕೊಯ್ಯುತ್ತೇವೆ. ನಾಲ್ಕಕ್ಕೂ ಇಂಗ್ಲಿಷಿನಲ್ಲಿ ‘ಕಟ್’ ಸಾಕು. ಹಾಗೆಂದು ಕನ್ನಡ ಕಲಿಯುತ್ತಿರುವ ಯಾರಾದರೂ ‘ಅಜ್ಜಿ ಬೆಂಡೆಕಾಯಿ ಕಡಿದರು’ ಅಂದರೆ ಅಜ್ಜಿ ಕೈಯಲ್ಲಿ ಈಳಿಗೆಮಣೆ ಹೋಗಿ ಕೊಡಲಿ ಬಂದುಬಿಡುತ್ತದೆ. ‘ಹೆಚ್ಚು’ ಮತ್ತು ‘ಕಡಿ’ಯ ವ್ಯತ್ಯಾಸವನ್ನು ನಮಗೆ ಯಾರೂ ಪಾಠ ಮಾಡಲಿಲ್ಲ. ಅವು ಯಾರ ಜೊತೆ ಓಡಾಡುತ್ತವೆ ಎಂದು ಕಿವಿಯೇ ಗುರುತಿಟ್ಟುಕೊಂಡಿತು.

ಬ್ರಿಟನ್ನಿನ ಭಾಷಾಶಾಸ್ತ್ರಜ್ಞ ಜೆ. ಆರ್. ಫರ್ತ್ 1957ರಲ್ಲಿ ಹೇಳಿದ್ದೂ ಹೆಚ್ಚುಕಮ್ಮಿ ಇದನ್ನೇ: ಪದದ ಗುಣ ಅದರ ಸಹವಾಸದಿಂದ ತಿಳಿಯುತ್ತದೆ. ಟೀ ‘ಸ್ಟ್ರಾಂಗ್’, ಇಂಜಿನ್ ‘ಪವರ್‌ಫುಲ್’. ಅದಲುಬದಲು ಮಾಡಿದರೆ ಟೀಗೆ ಗೇರ್ ಹಾಕಬೇಕಾದೀತು. ಮಳೆ ‘ಹೆವಿ’, ಗಾಳಿ ‘ಸ್ಟ್ರಾಂಗ್’. ನಮ್ಮಲ್ಲಿ ಬಡತನ ‘ಕಡು’, ಬಿಸಿಲು ‘ಸುಡು’, ತುದಿ ‘ತುತ್ತ’ ಇದ್ದ ಹಾಗೆ.

ನನ್ನ ಕ್ಲಾಸಿನ ಹುಡುಗನೊಬ್ಬ ಸಮಾನಾರ್ಥಕ ಪದಗಳ ಪಟ್ಟಿ ನೋಡಿ ‘ಬಿಗ್’ ತೆಗೆದು ‘ಲಾರ್ಜ್’ ಹಾಕಿದ್ದ. ‘ಮೈ ಲಾರ್ಜ್ ಬ್ರದರ್ ವರ್ಕ್ಸ್ ಇನ್ ಹುಬ್ಬಳ್ಳಿ.’ ‘ಬಿಗ್ ಬ್ರದರ್’ ಅಂದರೆ ಅಣ್ಣ. ‘ಲಾರ್ಜ್ ಬ್ರದರ್’ ಅಂದರೆ ಬಸ್ಸಿನಲ್ಲಿ ಎರಡು ಸೀಟು ಹಿಡಿಯುವ ಅಣ್ಣ. ಪೀಟರ್ ಮಾರ್ಕ್ ರೋಜೆಟ್ ಎಂಬ ವೈದ್ಯರು 1852ರಲ್ಲಿ ಹೊರತಂದ ಪದಸಂಗ್ರಹದಿಂದ ಇವತ್ತಿನ ಫೋನಿನವರೆಗೆ ಇಂಥ ಪಟ್ಟಿಗಳು ಇರುವುದು ಗೊತ್ತಿರುವ ಪದವನ್ನು ನೆನಪಿಗೆ ತರಲಿಕ್ಕೆ. ಗೊತ್ತಿಲ್ಲದ ಪದವನ್ನು ಅಲ್ಲಿಂದ ಎತ್ತಿ ಬರೆದರೆ ಹೀಗೇ ಆಗುವುದು.

ಒಂದೇ ಅರ್ಥಕ್ಕೆ ಅವರಿಗೆ ಯಾಕೆ ಇಷ್ಟೊಂದು ಪದ?

ಒಂದು ದೊಡ್ಡ ಕಾರಣ 1066ರಲ್ಲಿ ಸಿಗುತ್ತದೆ. ಆ ವರ್ಷ ಫ್ರಾನ್ಸಿನ ನಾರ್ಮಂಡಿಯಿಂದ ಬಂದ ವಿಲಿಯಂ ಇಂಗ್ಲೆಂಡನ್ನು ಗೆದ್ದ. ಅರಮನೆ, ಕೋರ್ಟು ಎಲ್ಲ ಫ್ರೆಂಚಿನಲ್ಲಿ ನಡೆಯತೊಡಗಿದವು. ಇಗರ್ಜಿಯಲ್ಲಿ, ಓದುಬರಹದಲ್ಲಿ ಲ್ಯಾಟಿನ್ ಇದ್ದೇ ಇತ್ತು. ಕೋರ್ಟಿನಲ್ಲಿ ಇಂಗ್ಲಿಷಿನಲ್ಲೇ ವಾದ ಮಾಡಬೇಕು ಎಂಬ ಕಾಯ್ದೆ ಬರಲು 1362 ಆಗಬೇಕಾಯಿತು. ಹೊಲದಲ್ಲಿ ದುಡಿಯುವವರ ಮಾತು ಹಳೆಯ ಇಂಗ್ಲಿಷು, ತಟ್ಟೆಯ ಮುಂದೆ ಕೂತವರ ಮಾತು ಫ್ರೆಂಚು. ಹಟ್ಟಿಯಲ್ಲಿರುವಾಗ ‘ಶೀಪ್’, ತಟ್ಟೆಗೆ ಬಂದಾಗ ‘ಮಟನ್’. ಹಾಗೆಯೇ ‘ಪಿಗ್’ ಹೋಗಿ ‘ಪೋರ್ಕ್’. (ಅವರ ಮಟನ್ ಕುರಿಯದು. ನಮ್ಮ ಹೋಟೆಲಿನಲ್ಲಿ ಮಟನ್ ಅಂದರೆ ಬಹಳ ಕಡೆ ಆಡು. ಪದ ಸಮುದ್ರ ದಾಟುವಾಗ ಪ್ರಾಣಿಯೇ ಬದಲಾಯಿತು.)

ಹೀಗೆ ಎಷ್ಟೋ ಕಡೆ ಮೂರು ಅಂತಸ್ತು ಆಯಿತು. ‘ಕಿಂಗ್ಲಿ’ ಅವರ ಹುಟ್ಟುಮಾತು, ‘ರಾಯಲ್’ ಫ್ರೆಂಚಿನಿಂದ ಬಂದದ್ದು, ‘ರೀಗಲ್’ ಲ್ಯಾಟಿನ್ನಿನದು. ‘ಆಸ್ಕ್’ ಮಾಡುವವನು ನೆರೆಯವನು, ‘ಕ್ವೆಶ್ಚನ್’ ಮಾಡುವವನು ಮೇಷ್ಟ್ರು, ‘ಇಂಟರಾಗೇಟ್’ ಮಾಡುವವನು ಪೊಲೀಸು.

ಇದು ನಮಗೆ ಹೊಸದೇನಲ್ಲ. ಹದಿಮೂರನೇ ಶತಮಾನದಲ್ಲಿ ಕೇಶಿರಾಜ ‘ಶಬ್ದಮಣಿದರ್ಪಣ’ ಬರೆಯುವ ಹೊತ್ತಿಗಾಗಲೇ ಕನ್ನಡದಲ್ಲಿ ದೇಶ್ಯ, ತತ್ಸಮ, ತದ್ಭವ ಎಂದು ಪದಗಳನ್ನು ಬೇರ್ಪಡಿಸಿ ನೋಡಬೇಕಾಗಿತ್ತು. ನಾವು ಗೃಹಪ್ರವೇಶಕ್ಕೆ ಕರೆಯುತ್ತೇವೆ, ಆದರೆ ‘ಗೃಹಕ್ಕೆ ಎಷ್ಟೊತ್ತಿಗೆ ಬರ್ತೀಯ’ ಅನ್ನುವುದಿಲ್ಲ. ಬೆಂಗಳೂರಿನಲ್ಲಿ ಜಲಮಂಡಳಿಯವರು ಬಿಡುವುದು ನೀರು. ಅವರು ‘ಜಲ’ ಬಿಟ್ಟರು ಎಂದು ಯಾರಾದರೂ ಅಂದರೆ ತಮಾಷೆ ಮಾಡುತ್ತಿದ್ದಾರೆ ಎಂದೇ ಅರ್ಥ. ಇಂಗ್ಲಿಷಿನ ‘ಕಮೆನ್ಸ್’ ಹೀಗೇ ‘ಜಲ’ದ ಜಾತಿ, ‘ಸ್ಟಾರ್ಟ್’ ನೀರು. ಗೆಳೆಯನಿಗೆ ಮೆಸೇಜ್ ಹಾಕುವಾಗ ‘ಕಮೆನ್ಸ್’ ಬಳಸುವವರನ್ನು ಕಂಡರೆ ನನಗೆ ಲಗ್ನಪತ್ರಿಕೆ ಓದಿದ ಹಾಗಾಗುತ್ತದೆ.

ರಜಾ ಅರ್ಜಿಯಲ್ಲಿ ‘ಸಿನ್ಸ್ ತ್ರೀ ಡೇಸ್’ ಬರೆದಿದ್ದಕ್ಕೆ ಮ್ಯಾನೇಜರ್ ಗೆರೆ ಎಳೆದರು. ಯಾಕೆ?

‘ಮೂರು ದಿನದಿಂದ ಜ್ವರ’, ‘ಸೋಮವಾರದಿಂದ ಜ್ವರ’. ಕನ್ನಡಕ್ಕೆ ಎರಡು ಕಡೆಯೂ ‘ಇಂದ’ ಸಾಕು. ಇಂಗ್ಲಿಷ್ ಅಲ್ಲಿ ಕವಲೊಡೆಯುತ್ತದೆ. ಶುರುವಾದ ಗಳಿಗೆಯನ್ನು ಹೇಳಿದರೆ ‘ಸಿನ್ಸ್’: ಸೋಮವಾರ, 2015, ಮದುವೆಯಾದಾಗಿನಿಂದ. ಕಳೆದ ಕಾಲದ ಉದ್ದವನ್ನು ಹೇಳಿದರೆ ‘ಫಾರ್’: ಮೂರು ದಿನ, ಹತ್ತು ವರ್ಷ. ಕ್ಯಾಲೆಂಡರಿನಲ್ಲಿ ಬೆರಳಿಟ್ಟು ತೋರಿಸಬಹುದಾದದ್ದು ‘ಸಿನ್ಸ್’, ಬೆರಳು ಮಡಚಿ ಎಣಿಸುವುದು ‘ಫಾರ್’.

‘ಬೈ ಸ್ಯಾಟರ್‌ಡೇ’, ‘ಅಂಟಿಲ್ ಸ್ಯಾಟರ್‌ಡೇ’?

ಮೊದಲನೆಯದು ‘ಶನಿವಾರದ ಒಳಗೆ’, ಎರಡನೆಯದು ‘ಶನಿವಾರದವರೆಗೆ’. ಇಲ್ಲಿ ಕನ್ನಡ ನಿಮ್ಮ ಪರ ಇದೆ, ಸುಮ್ಮನೆ ನಂಬಿ.

‘ಲೆಂಡ್’ ಮತ್ತು ‘ಬಾರೋ’ ತಲೆಕೆಳಗಾಗುತ್ತದೆ.

‘ಸಾಲ ಕೊಡು’, ‘ಸಾಲ ತಗೋ’. ಕೊಡುವುದು ‘ಲೆಂಡ್’, ತಗೊಳ್ಳುವುದು ‘ಬಾರೋ’. ಪಕ್ಕದ ಮನೆಯಿಂದ ಒಂದು ಲೋಟ ಸಕ್ಕರೆ ‘ಕಡ’ ತರುವುದೂ ‘ಬಾರೋ’. ‘ರಿಮೈಂಡ್’, ‘ರಿಮೆಂಬರ್’ ಕೂಡ ಇದೇ ಜೋಡಿ: ‘ನೆನಪು ಮಾಡು’, ‘ನೆನಪು ಮಾಡ್ಕೋ’. ಆ ‘ಕೋ’ ಇದ್ದರೆ ಕೆಲಸ ನಿಮ್ಮ ತಲೆಯೊಳಗೆ, ಇಲ್ಲದಿದ್ದರೆ ಇನ್ನೊಬ್ಬರ ತಲೆಗೆ.

‘ಲೆಗ್’, ‘ಫುಟ್’ ಎರಡೂ ಕಾಲೇ ತಾನೆ? ಅಷ್ಟು ಮುಖ್ಯವಾ?

ನನ್ನ ದುಡ್ಡು ಹೋಗಿದೆ, ಹಾಗಾಗಿ ಮುಖ್ಯ ಅಂತಲೇ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಹೊರರಾಜ್ಯದಲ್ಲಿ ಮೆಟ್ಟಿಲು ಜಾರಿ ಪಾದ ಊದಿಕೊಂಡಿತ್ತು. ಆಸ್ಪತ್ರೆಯ ಕೌಂಟರಿನಲ್ಲಿ, ಇಂಗ್ಲಿಷ್ ಮೇಡಂ ಆದ ನಾನು, ನೋವಿನ ಭರದಲ್ಲಿ ಕನ್ನಡದಲ್ಲಿ ಯೋಚಿಸಿ ‘ಪೇನ್ ಇನ್ ದ ಲೆಗ್’ ಅಂದೆ. ಚೀಟಿಯಲ್ಲಿ ಹಾಗೇ ಬರೆದರು. ಎಕ್ಸ್‌ರೇಯಲ್ಲಿ ಮೊಣಕಾಲಿನ ಕೆಳಗಿನ ಮೂಳೆ ನೀಟಾಗಿ ಬಂತು, ಊದಿದ ಪಾದ ಚಿತ್ರದ ಹೊರಗೇ ಉಳಿಯಿತು. ಎರಡನೇ ಎಕ್ಸ್‌ರೇಗೆ ಮತ್ತೆ ಬಿಲ್ಲು.

ಚಪ್ಪಲಿ ಹಾಕುವ ಭಾಗ ‘ಫುಟ್’, ಅದರ ಮೇಲಿನದು ‘ಲೆಗ್’. ಕೈಯಲ್ಲೂ ಹಾಗೆ, ಬಳೆ ತೊಡುವ ಜಾಗದಿಂದ ಕೆಳಗೆ ‘ಹ್ಯಾಂಡ್’, ಮೇಲೆ ‘ಆರ್ಮ್’. ಕೈಬೆರಳು ‘ಫಿಂಗರ್’, ಕಾಲ್ಬೆರಳು ‘ಟೋ’. ಕನ್ನಡ ದೇಹವನ್ನು ಬೇರೆ ಜಾಗದಲ್ಲಿ ಭಾಗ ಮಾಡುತ್ತದೆ, ಅಷ್ಟೇ.

ನೆರಳಿನದೂ ಇದೇ ಕಥೆ. ಹೊಂಗೆಮರದ ಕೆಳಗೆ ಕೂತು ಬೆವರು ಒರೆಸಿಕೊಳ್ಳುವುದು ‘ಶೇಡ್’ನಲ್ಲಿ. ಬೀದಿದೀಪದ ಕೆಳಗೆ ನಮ್ಮ ಜೊತೆ ಉದ್ದವಾಗಿ ನಡೆದು ಬರುವುದು ‘ಶ್ಯಾಡೋ’. ಆಕಾರ ಕಂಡರೆ ‘ಶ್ಯಾಡೋ’, ತಂಪು ಸಿಕ್ಕರೆ ‘ಶೇಡ್’.

ಬೆಂಗಳೂರಿನಲ್ಲಿ ಮನೆ ‘ರೆಂಟ್’ಗೂ ಸಿಗುತ್ತದೆ, ‘ಲೀಸ್’ಗೂ ಸಿಗುತ್ತದೆ. ಇಂಗ್ಲಿಷಿನಲ್ಲೂ ಇದೇ ವ್ಯತ್ಯಾಸವಾ?

ಅಲ್ಲ, ಇದು ನಾವೇ ಮಾಡಿಕೊಂಡ ವ್ಯತ್ಯಾಸ. ಬೆಂಗಳೂರಿನ ‘ಲೀಸ್’ ಎಂದರೆ ಹಳೆಯ ‘ಭೋಗ್ಯ’. ಒಂದೇ ಕಂತಿನಲ್ಲಿ ಲಕ್ಷಗಟ್ಟಲೆ ಕೊಟ್ಟು, ತಿಂಗಳ ಬಾಡಿಗೆಯಿಲ್ಲದೆ ಎರಡು ಮೂರು ವರ್ಷ ಇದ್ದು, ಖಾಲಿ ಮಾಡುವಾಗ ಅಸಲು ವಾಪಸ್ ಪಡೆಯುವುದು. ಬಡ್ಡಿಯೇ ಬಾಡಿಗೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯಲ್ಲಿ ಇದಕ್ಕೆ ಹತ್ತಿರದ್ದು ಹುಡುಕಿದರೆ ಸಿಗುವುದು ಅಡಮಾನದ ಭಾಗದಲ್ಲಿ.

ಇಂಗ್ಲಿಷಿನಲ್ಲಿ ‘ಲೀಸ್’ ಎಂದರೆ ಇಷ್ಟು ಅವಧಿಗೆ ಎಂದು ಬರೆದುಕೊಂಡ ಕರಾರು, ‘ರೆಂಟ್’ ಎಂದರೆ ಆ ಕರಾರಿನಂತೆ ಕೊಡುವ ದುಡ್ಡು. ಅಂದರೆ ‘ಲೀಸ್’ ಇದ್ದವನೂ ‘ರೆಂಟ್’ ಕೊಡುತ್ತಾನೆ. ಲಂಡನ್ನಿಗೋ ಡಲ್ಲಾಸಿಗೋ ಹೋದ ನಮ್ಮ ಹುಡುಗರು ‘ಲೀಸ್ ಸೈನ್ ಮಾಡಿ’ ಅಂದಾಗ ಎಷ್ಟು ಲಕ್ಷ ಎಂದು ಗಾಬರಿಯಾಗುವುದು ಈ ಕಾರಣಕ್ಕೆ. ಇನ್ನು ನಮ್ಮ ಹನ್ನೊಂದು ತಿಂಗಳ ಬಾಡಿಗೆ ಕರಾರಿನ ಹಿಂದಿರುವುದು 1908ರ ನೋಂದಣಿ ಕಾಯ್ದೆ: ವರ್ಷ ಮೀರಿದ ಲೀಸನ್ನು ನೋಂದಾಯಿಸಲೇಬೇಕು. ಅದಕ್ಕೇ ಒಂದು ತಿಂಗಳು ಕಮ್ಮಿ.

‘ಹೈರ್’ ಬಗ್ಗೆ: ಸ್ವಲ್ಪ ಹೊತ್ತಿಗೆ ತರುವ ಶಾಮಿಯಾನ, ಕುರ್ಚಿ, ಸೂಟು ಇವಕ್ಕೆ ಬ್ರಿಟಿಷರು ‘ಹೈರ್’ ಅನ್ನುತ್ತಾರೆ, ಅಮೆರಿಕದವರು ಅದಕ್ಕೂ ‘ರೆಂಟ್’. ಮನೆಯನ್ನು ಯಾರೂ ‘ಹೈರ್’ ಮಾಡುವುದಿಲ್ಲ. ಬಸ್ಸಿಗೆ ಕೊಡುವುದು ಇದ್ಯಾವುದೂ ಅಲ್ಲ, ‘ಚಾರ್ಜ್’ ಕೂಡ ಅಲ್ಲ, ‘ಫೇರ್’.

ಎಲ್‌ಐಸಿ ಬಾಂಡಿನಲ್ಲಿ ‘ಸಮ್ ಅಶೂರ್ಡ್’, ಆರೋಗ್ಯ ವಿಮೆಯಲ್ಲಿ ‘ಸಮ್ ಇನ್ಶೂರ್ಡ್’. ಅಚ್ಚಿನ ತಪ್ಪಾ?

ಅಲ್ಲ. ಬ್ರಿಟಿಷರ ಹಳೆಯ ವ್ಯಾಪಾರಿ ಪದ್ಧತಿ ಅದು. ಬಂದೇ ಬರುವುದಕ್ಕೆ ‘ಅಶೂರೆನ್ಸ್’, ಬರಬಹುದಾದದ್ದಕ್ಕೆ ‘ಇನ್ಶೂರೆನ್ಸ್’. ಸಾವು ಖಂಡಿತ, ಯಾವಾಗ ಎಂಬುದಷ್ಟೇ ಪ್ರಶ್ನೆ. ಬೆಂಕಿ, ಅಪಘಾತ, ಆಪರೇಷನ್ ಬಂದರೂ ಬರಬಹುದು, ಬರದೆಯೂ ಇರಬಹುದು. ದಿನದ ಮಾತಿನಲ್ಲಿ ಈ ಗೆರೆ ಬಹುತೇಕ ಅಳಿಸಿಹೋಗಿ ಎಲ್ಲವೂ ‘ಇನ್ಶೂರೆನ್ಸ್’ ಆಗಿದೆ, ಪಾಲಿಸಿಯ ಕಾಗದದಲ್ಲಿ ಮಾತ್ರ ಉಳಿದುಕೊಂಡಿದೆ. ಇವುಗಳ ಮೂರನೇ ತಂಗಿ ‘ಎನ್‌ಶೂರ್’ಗೆ ದುಡ್ಡಿನ ಗೊಡವೆಯಿಲ್ಲ, ಗ್ಯಾಸ್ ಆಫ್ ಆಗಿದೆಯೇ ಎಂದು ಖಾತ್ರಿ ಮಾಡಿಕೊಳ್ಳುವುದು ಅದು.

‘ಥೆಫ್ಟ್’, ‘ರಾಬರಿ’, ‘ಡಕಾಯಿಟಿ’: ಪೇಪರಿನಲ್ಲಿ ಮೂರೂ ಬರುತ್ತವೆ.

ದಿನದ ಮಾತಿನಲ್ಲಿ ಎಡವಿದರೆ ನಗು ಬರುತ್ತದೆ, ಎಫ್‌ಐಆರ್‌ನಲ್ಲಿ ಎಡವಿದರೆ ಸೆಕ್ಷನ್ನೇ ಬದಲಾಗುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ‘ಥೆಫ್ಟ್’ 303, ‘ರಾಬರಿ’ 309, ‘ಡಕಾಯಿಟಿ’ 310. ಗೊತ್ತಾಗದ ಹಾಗೆ ಎತ್ತಿಕೊಂಡು ಹೋದರೆ ಮೊದಲನೆಯದು. ಹೊಡೆದು ಬಡಿದು, ಇಲ್ಲವೇ ಈಗಲೇ ಮುಗಿಸುತ್ತೇನೆ ಎಂದು ಹೆದರಿಸಿ ಕಿತ್ತುಕೊಂಡರೆ ಎರಡನೆಯದು. ಅದನ್ನೇ ಐದು ಅಥವಾ ಹೆಚ್ಚು ಜನ ಸೇರಿ ಮಾಡಿದರೆ ಮೂರನೆಯದು. ನಾಲ್ಕು ಜನ ಬಂದರೆ ‘ಡಕಾಯಿಟಿ’ ಅಲ್ಲ! ಈ ಪದವನ್ನು ಇಂಗ್ಲಿಷಿಗೆ ಕೊಟ್ಟಿದ್ದೂ ನಮ್ಮ ದೇಶವೇ, ಹಿಂದಿಯ ‘ಡಕೈತಿ’ಯಿಂದ.

ವ್ಯಾಕರಣ ನೋಡಿ: ‘ಸ್ಟೀಲ್’ ಮಾಡುವುದು ವಸ್ತುವನ್ನು, ‘ರಾಬ್’ ಮಾಡುವುದು ಮನುಷ್ಯರನ್ನು ಅಥವಾ ಬ್ಯಾಂಕನ್ನು. ‘ದೇ ರಾಬ್ಡ್ ಮೈ ಚೈನ್’ ಅಂದರೆ ಸರದ ಜೇಬಿಗೆ ಕೈ ಹಾಕಿದ ಹಾಗೆ.

‘ಲಾಯರ್’ ದೊಡ್ಡವರೋ ‘ಅಡ್ವೊಕೇಟ್’ ದೊಡ್ಡವರೋ?

ದೊಡ್ಡ ಚಿಕ್ಕ ಏನಿಲ್ಲ. ಕಾನೂನು ಓದಿದವರನ್ನು ಒಟ್ಟಾರೆ ‘ಲಾಯರ್’ ಅನ್ನುತ್ತೇವೆ. 1961ರ ವಕೀಲರ ಕಾಯ್ದೆಯಂತೆ ಬಾರ್ ಕೌನ್ಸಿಲಿನಲ್ಲಿ ಹೆಸರು ಬರೆಸಿದವರು ‘ಅಡ್ವೊಕೇಟ್’. ಅವರ ಹತ್ತಿರ ಹೋಗುವ ನೀವು ‘ಕ್ಲೈಂಟ್’, ಕನ್ನಡದಲ್ಲಿ ಕಕ್ಷಿದಾರ. ಅದೇ ನೀವು ಕಿರಾಣಿ ಅಂಗಡಿಗೆ ಹೋದರೆ ‘ಕಸ್ಟಮರ್’, ಗಿರಾಕಿ.

‘ಹಿಸ್ಟಾರಿಕ್’, ‘ಹಿಸ್ಟಾರಿಕಲ್’?

1956ರ ನವೆಂಬರ್ 1 ‘ಹಿಸ್ಟಾರಿಕ್’ ದಿನ: ಚದುರಿದ ನಾಡು ಒಂದಾದ ದಿನ, ಇತಿಹಾಸದಲ್ಲಿ ಎದ್ದು ನಿಲ್ಲುವ ದಿನ. ಆ ದಿನದ ಹಾಜರಿ ಪುಸ್ತಕ, ಬಸ್ ಟಿಕೆಟ್ಟು, ಹಳೇ ಪತ್ರ ‘ಹಿಸ್ಟಾರಿಕಲ್’: ಹಿಂದಿನ ಕಾಲಕ್ಕೆ ಸೇರಿದ್ದು, ಅಷ್ಟೇ. ‘ಎಕನಾಮಿಕ್’ ಅರ್ಥವ್ಯವಸ್ಥೆಗೆ ಸೇರಿದ್ದು, ‘ಎಕನಾಮಿಕಲ್’ ಕಮ್ಮಿ ಖರ್ಚಿನದು. ಹಣಕಾಸು ಸಚಿವರ ನೀತಿ ಮೊದಲನೆಯದು, ನಮ್ಮತ್ತೆ ಎಣ್ಣೆ ಬಳಸುವ ರೀತಿ ಎರಡನೆಯದು.

‘ಐ ಹ್ಯಾವ್ ಎ ಡೌಟ್’ ಅಂತ ಕ್ಲಾಸಿನಲ್ಲಿ ಕೇಳಬಾರದಂತೆ, ಹೌದಾ?

ಇಲ್ಲಿ ಧಾರಾಳವಾಗಿ ಕೇಳಿ. ಭಾರತದ ಇಂಗ್ಲಿಷಿನಲ್ಲಿ ‘ಡೌಟ್’ ಎಂದರೆ ಅರ್ಥವಾಗದೆ ಉಳಿದದ್ದು, ಎಲ್ಲ ಮೇಷ್ಟ್ರಿಗೂ ಗೊತ್ತು. ಆದರೆ ಲಂಡನ್ನಿನ ಕಿವಿಗೆ ಅದು ‘ನೀವು ಹೇಳಿದ್ದು ನನಗೆ ನಂಬಿಕೆಯಾಗಲಿಲ್ಲ’ ಎಂದು ಕೇಳಿಸುತ್ತದೆ. ಅಲ್ಲಿ ‘ಕ್ವೆಶ್ಚನ್’ ಅನ್ನಿ. ‘ಡೌಟ್’ ಅನ್ನುವವರನ್ನು ಗೇಲಿ ಮಾಡುವ ಸ್ಪೋಕನ್ ಇಂಗ್ಲಿಷ್ ವಿಡಿಯೋಗಳು ನನಗೆ ಇಷ್ಟವಿಲ್ಲ. ಧಾರವಾಡದ ಮಾತು ಮೈಸೂರಿನಲ್ಲಿ ಬೇರೆ ಕೇಳಿಸುತ್ತದೆ, ತಪ್ಪು ಅನ್ನುತ್ತೇವೆಯೇ?

‘ಲೆಸ್’ ಬೇರೆ, ‘ಫ್ಯೂವರ್’ ಬೇರೆ ಎಂದು ತಿದ್ದುತ್ತಾರೆ. ಅಷ್ಟು ಕಟ್ಟುನಿಟ್ಟಾ?

ಎಣಿಸುವುದಕ್ಕೆ ‘ಫ್ಯೂವರ್’, ಅಳೆಯುವುದಕ್ಕೆ ‘ಲೆಸ್’. ಪರೀಕ್ಷೆಯಲ್ಲಿ ಹಾಗೇ ಬರೆಯಿರಿ. ಆದರೆ ಇದು ಶುರುವಾಗಿದ್ದು 1770ರಲ್ಲಿ ರಾಬರ್ಟ್ ಬೇಕರ್ ಎಂಬಾತ ತನಗೆ ಹೀಗಿದ್ದರೆ ಚೆಂದ ಕಾಣುತ್ತದೆ ಎಂದು ಬರೆದದ್ದರಿಂದ. ಅದಕ್ಕೆ ಎಷ್ಟೋ ಶತಮಾನ ಮೊದಲಿನಿಂದ ಎಣಿಸುವ ವಸ್ತುಗಳಿಗೂ ‘ಲೆಸ್’ ನಡೆದುಕೊಂಡು ಬಂದಿತ್ತು. ಬ್ರಿಟನ್ನಿನ ಟೆಸ್ಕೊ ಅಂಗಡಿಗಳ ಬಿಲ್ ಕೌಂಟರಿನ ‘10 ಐಟಮ್ಸ್ ಆರ್ ಲೆಸ್’ ಬೋರ್ಡಿನ ಬಗ್ಗೆ ದೂರು ಬಂದು ಬಂದು, 2008ರಲ್ಲಿ ಅವರು ‘ಅಪ್ ಟು 10 ಐಟಮ್ಸ್’ ಎಂದು ಬದಲಾಯಿಸಿಕೊಂಡರು. ಜಾಣರು, ಜಗಳದಿಂದಲೇ ಜಾರಿಕೊಂಡರು.

ಹಾಗಾದರೆ ನೋಟ್‌ಬುಕ್ ಹೇಗೆ ಬರೆಯಬೇಕು? ಯಾವ ಡಿಕ್ಷನರಿ ತಗೊಳ್ಳಲಿ?

ನಡುವಿನ ಗೆರೆ ಅಳಿಸಿ. ಪದದ ಮುಂದೆ ಅರ್ಥದ ಬದಲು ಒಂದು ಇಡೀ ವಾಕ್ಯ ಬರೆಯಿರಿ, ನಿಮ್ಮ ಮನೆಯದೋ ಅಂಗಡಿಯದೋ ಆಗಿರಲಿ. ಮೆಡಿಕಲ್ ಶಾಪ್ ನಡೆಸುವ ಒಬ್ಬರು ‘ರಿಮೈಂಡ್’ ಮುಂದೆ ‘ಪ್ಲೀಸ್ ರಿಮೈಂಡ್ ಮಿ ಟು ಆರ್ಡರ್ ಇನ್ಸುಲಿನ್’ ಎಂದು ಬರೆದಿಟ್ಟುಕೊಂಡರು, ಮತ್ತೆ ತಪ್ಪಲಿಲ್ಲ.

ಡಿಕ್ಷನರಿ ಕೊಳ್ಳುವಾಗ ಹೊದಿಕೆಯ ಮೇಲೆ ‘ಲರ್ನರ್ಸ್’ ಎಂದು ಇದೆಯೇ ನೋಡಿ. ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಎ. ಎಸ್. ಹಾರ್ನ್‌ಬಿ, ಹೊರಗಿನಿಂದ ಬಂದು ಕಲಿಯುವವರಿಗೆ ಎಂದೇ ಒಂದು ನಿಘಂಟು ಮಾಡಿದರು. 1942ರಲ್ಲಿ ಅಲ್ಲೇ ಅಚ್ಚಾದ ಅದನ್ನು 1948ರಲ್ಲಿ ಆಕ್ಸ್‌ಫರ್ಡ್ ಹೊರತಂದಿತು. ಯಾವ ಪದದ ಪಕ್ಕ ಯಾವ ಪದ ಕೂರುತ್ತದೆ ಎಂಬುದು ಅಂಥದರಲ್ಲಿ ಸಿಗುತ್ತದೆ. ಇಂಗ್ಲಿಷ್–ಕನ್ನಡ ನಿಘಂಟು ಬೇಡವೆನ್ನುತ್ತಿಲ್ಲ. ಅದು ಬಾಗಿಲು ತೋರಿಸುತ್ತದೆ, ಒಳಗಿನ ಕೋಣೆಗಳನ್ನಲ್ಲ.

ಅವರಿಗಿಂತ ನಮ್ಮಲ್ಲೇ ಹೆಚ್ಚು ಪದ ಇರುವ ಜಾಗ ಇಲ್ಲವೇ?

ಬೇಕಾದಷ್ಟು. ಗದ್ದೆಯಲ್ಲಿ ಭತ್ತ, ಚೀಲದಲ್ಲಿ ಅಕ್ಕಿ, ತಟ್ಟೆಯಲ್ಲಿ ಅನ್ನ. ಇಂಗ್ಲಿಷಿಗೆ ಮೂರೂ ‘ರೈಸ್’; ಗದ್ದೆಯದಕ್ಕೆ ‘ಪ್ಯಾಡಿ’ ಬೇಕಾದಾಗ ಮಲಯ ಭಾಷೆಯಿಂದ ಕಡ ತಂದರು. ಅಮೆರಿಕದಲ್ಲಿರುವ ನನ್ನ ಅಕ್ಕನ ಮಗಳು, ಅಲ್ಲೇ ಹುಟ್ಟಿದವಳು, ಒಂದು ಸಂಜೆ ವಿಡಿಯೋ ಕಾಲ್‌ನಲ್ಲಿ ‘ಚಿಕ್ಕಮ್ಮ, ಅಮ್ಮ ಅಕ್ಕಿ ಬಡಿಸಿದಳು’ ಅಂದಳು. ನಾನು ನಕ್ಕೆ. ಅವಳು ಮುಖ ಗಂಟುಹಾಕಿಕೊಂಡು ‘ಯಾಕೆ, ಎರಡೂ ಒಂದೇ ಅಲ್ವಾ?’ ಅಂದಳು.